ಏನನ್ನೂ ಸಾಧಿಸದ ಮೇಜು: ಬಿಲ್ ಗೇವರ್ ಅವರ ಸಂಶೋಧನೆಯ ಹಾದಿ

ಮಾನವ-ಕಂಪ್ಯೂಟರ್ ಸಂವಹನದ ಅಧ್ಯಯನದಲ್ಲಿ ಭಾವನೆಯ ಪ್ರಸ್ತಾಪ ಬಂದೊಡನೆ ಎಂಐಟಿಯ ರೋಸಲಿಂಡ್ ಪಿಕಾರ್ಡ್ ಅವರ ಹೆಸರೂ ಬರುತ್ತದೆ. ಮುಖಚರ್ಯೆ, ಧ್ವನಿ, ಚರ್ಮದ ಬೆವರು ಇವುಗಳನ್ನು ಅಳೆದು ಮನುಷ್ಯನ ಭಾವಸ್ಥಿತಿಯನ್ನು ಯಂತ್ರ ಗುರುತಿಸಬಲ್ಲದು ಎಂಬ ವಾದವನ್ನು ಅವರು 1997ರಲ್ಲಿ ಪುಸ್ತಕವಾಗಿ ಮಂಡಿಸಿದರು. ಇಂದು ನಮ್ಮ ಕೈಗಡಿಯಾರಗಳು ದಿನದ ಒತ್ತಡವನ್ನು ಅಂಕಿಗಳಲ್ಲಿ ತೋರಿಸುವುದು ಅದೇ ಹಾದಿಯ ಮುಂದುವರಿಕೆ. ಆದರೆ ನನ್ನ ಕುತೂಹಲ ಕೆರಳಿಸಿದ್ದು ಈ ಹಾದಿಗೆ ಹೆಚ್ಚುಕಡಿಮೆ ಬೆನ್ನು ಹಾಕಿ ನಡೆದ ವಿನ್ಯಾಸ ಸಂಶೋಧಕ ಬಿಲ್ ಗೇವರ್ ಅವರ ವೃತ್ತಿಜೀವನ. ಯಂತ್ರಕ್ಕೆ ನಮ್ಮ ಮನಸ್ಸು ತಿಳಿಯಲೇಬೇಕೆಂದಿಲ್ಲ, ತಿಳಿದಂತೆ ನಟಿಸುವುದಂತೂ ಬೇಡ, ಅರ್ಥ ಕಟ್ಟಿಕೊಳ್ಳುವ ಕೆಲಸವನ್ನು ಬಳಸುವವರಿಗೇ ಬಿಟ್ಟುಬಿಡಬಹುದು ಎಂಬ ನಿಲುವಿಗೆ ಅವರು ನಿಧಾನವಾಗಿ ಬಂದು ಸೇರಿದರು.

ಆರಂಭದಲ್ಲಿ ಅವರು ಅಂಥವರಾಗಿರಲಿಲ್ಲ. ಸ್ಯಾನ್ ಡಿಯೆಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾನ್ ನಾರ್ಮನ್ ಅವರ ಮಾರ್ಗದರ್ಶನದಲ್ಲಿ ಮನಶ್ಶಾಸ್ತ್ರದ ಪಿಎಚ್‌ಡಿ ಮಾಡಿದ ಗೇವರ್, ಶಬ್ದವನ್ನು ಹಿಡಿದು ಹೊರಟವರು. ಕಾರು ಹತ್ತಿರ ಬಂದಾಗ ನಾವು ಅದರ ಶ್ರುತಿಯನ್ನೂ ಆವರ್ತನವನ್ನೂ ಗಮನಿಸುವುದಿಲ್ಲ, ಕಾರು ಬರುತ್ತಿದೆ ಎಂಬುದನ್ನೇ ನೇರವಾಗಿ ಕೇಳಿಸಿಕೊಳ್ಳುತ್ತೇವೆ ಎಂಬುದು ಅವರ ಮೂಲ ಗ್ರಹಿಕೆ. ಇದನ್ನೇ ಬಳಸಿ ಆಪಲ್‌ನಲ್ಲಿ ಅವರು ಸೋನಿಕ್‌ಫೈಂಡರ್ ಎಂಬ ಇಂಟರ್‌ಫೇಸ್ ರೂಪಿಸಿದರು. ಫೈಲನ್ನು ಆರಿಸಿದರೆ ತಟ್ಟಿದ ಸದ್ದು, ದೊಡ್ಡ ಫೈಲಾದರೆ ತಗ್ಗಿದ ಸ್ವರ, ಎಳೆದರೆ ಉಜ್ಜುವ ಸದ್ದು, ನಕಲು ಮಾಡುವಾಗ ಪಾತ್ರೆಗೆ ನೀರು ತುಂಬುತ್ತಿರುವ ಸದ್ದು. 1989ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ತಮಾಷೆಯಿದೆ, ಆದರೆ ಗುರಿ ಮಾತ್ರ ಸ್ಪಷ್ಟ ಮಾಹಿತಿಯೇ. ಮುಂದೆ ಕೇಂಬ್ರಿಜ್‌ನಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಯೂರೋಪಾರ್ಕ್‌ನಲ್ಲಿದ್ದಾಗಲೂ, ತಂಪುಪಾನೀಯ ತುಂಬಿಸುವ ಕಾರ್ಖಾನೆಯೊಂದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಅದನ್ನು ನಡೆಸುವವರಿಗೆ ಯಂತ್ರಗಳ ಸದ್ದು ಹೇಗೆ ನೆರವಾಗುತ್ತದೆ ಎಂದು ಪರೀಕ್ಷಿಸಿದರು.

ತಿರುವು ಬಂದದ್ದು 1990ರ ದಶಕದ ನಡುವಿನಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ. ಮನಶ್ಶಾಸ್ತ್ರಜ್ಞನೊಬ್ಬ ಕಲಾವಿದರ ನಡುವೆ ಹೋಗಿ ಕುಳಿತದ್ದರ ಫಲವನ್ನು ‘ಪ್ರೆಸೆನ್ಸ್’ ಯೋಜನೆಯಲ್ಲಿ ಕಾಣಬಹುದು. ಯುರೋಪಿನ ಅನುದಾನದಲ್ಲಿ ನಡೆದ ಈ ಯೋಜನೆ ಓಸ್ಲೊ, ಆಮ್‌ಸ್ಟರ್‌ಡ್ಯಾಮ್ ಬಳಿಯ ಬೈಲ್ಮರ್ ಬಡಾವಣೆ ಮತ್ತು ಇಟಲಿಯ ಪೆಚ್ಚೋಲಿ ಎಂಬ ಹಳ್ಳಿ, ಈ ಮೂರು ಕಡೆಯ ಹಿರಿಯ ನಾಗರಿಕರನ್ನು ಕುರಿತದ್ದು. ವೃದ್ಧರೆಂದರೆ ಅಗತ್ಯಗಳ ಪಟ್ಟಿ ಎಂದು ತಿಳಿದು ಪ್ರಶ್ನಾವಳಿ ಹಂಚುವುದೇ ವಾಡಿಕೆ. ಗೇವರ್, ಟೋನಿ ಡನ್ ಮತ್ತು ಎಲೆನಾ ಪಚೆಂಟಿ ಹಾಗೆ ಮಾಡದೆ ಪ್ರತಿಯೊಬ್ಬರಿಗೂ ಒಂದು ಪೊಟ್ಟಣ ಕೊಟ್ಟರು. ಅದರಲ್ಲಿ ಪೋಸ್ಟ್‌ಕಾರ್ಡುಗಳು, ನಕ್ಷೆಗಳು, ಆಲ್ಬಮ್, ಒಮ್ಮೆ ಬಳಸಿ ಬಿಡುವ ಕ್ಯಾಮೆರಾ ಇದ್ದವು. ನಿಮಗೆ ಮುಖ್ಯವಾಗಿ ಕಂಡ ಒಂದು ಬುದ್ಧಿಮಾತನ್ನು ಬರೆಯಿರಿ ಎಂದು ಒಂದು ಕಾರ್ಡು ಕೇಳುತ್ತಿತ್ತು. ಹಗಲುಗನಸು ಕಾಣುವ ಜಾಗ ಯಾವುದೆಂದು ನಕ್ಷೆಯಲ್ಲಿ ಗುರುತಿಸಬೇಕಿತ್ತು. ಬೇಸರ ತರಿಸುವ ಏನನ್ನಾದರೂ ಫೋಟೋ ತೆಗೆಯಿರಿ ಎಂಬ ಕೋರಿಕೆ ಕ್ಯಾಮೆರಾದ ಮೇಲೆಯೇ ಇತ್ತು. ಉತ್ತರಗಳನ್ನು ಎಣಿಸಿ ಸರಾಸರಿ ತೆಗೆಯುವ ಉದ್ದೇಶವೇ ಇರಲಿಲ್ಲ. ಅವರನ್ನು ಬಲ್ಲೆವು ಎಂಬ ಭರವಸೆಗಿಂತ ಅವರ ಬಗ್ಗೆ ಊಹಿಸುವ ಹುಮ್ಮಸ್ಸು ವಿನ್ಯಾಸಕರಲ್ಲಿ ಹುಟ್ಟಬೇಕು ಎಂಬುದಷ್ಟೇ ಬಯಕೆ. ಮುಂದೆ ಬೈಲ್ಮರ್‌ಗಾಗಿ ಅವರು ರೂಪಿಸಿದ್ದು, ಅಲ್ಲಿನ ಹಿರಿಯರ ಮಾತುಗಳನ್ನು ದಾರಿಹೋಕರಿಗೆ ತೋರಿಸುವ ಬೆಂಚುಗಳನ್ನು.

1999ರಲ್ಲಿ ಪ್ರಕಟವಾದ ಈ ವಿಧಾನ ‘ಕಲ್ಚರಲ್ ಪ್ರೋಬ್ಸ್’ ಎಂಬ ಹೆಸರಿನಲ್ಲಿ ಎಲ್ಲೆಡೆ ಹರಡಿತು, ಹರಡುತ್ತಲೇ ಪಳಗಿತು. ಪೊಟ್ಟಣ ಕೊಡುವುದು ಉಳಿಯಿತು. ಜೊತೆಗೆ ವಿಶ್ಲೇಷಣೆ, ವರ್ಗೀಕರಣ, ಅಗತ್ಯಗಳ ಪಟ್ಟಿ ಎಲ್ಲವೂ ಹಿಂಬಾಗಿಲಿನಿಂದ ಒಳಬಂದವು. 2004ರಲ್ಲಿ ಗೇವರ್ ಮತ್ತು ಸಂಗಡಿಗರು ಅನಿಶ್ಚಿತತೆಗೂ ಬೆಲೆಯಿದೆ ಎಂದು ವಾದಿಸುವ ಲೇಖನ ಬರೆದು ಇದನ್ನು ನೇರವಾಗಿಯೇ ಆಕ್ಷೇಪಿಸಬೇಕಾಯಿತು. ಕಂಪನಿಗಳ ‘ಯೂಸರ್ ರಿಸರ್ಚ್’ (ಬಳಕೆದಾರರ ಅಧ್ಯಯನ) ವರದಿಗಳನ್ನು ಓದಿ ಬಲ್ಲವರಿಗೆ ಈ ಆಕ್ಷೇಪ ಇಂದಿಗೂ ಹಳತೆನಿಸದು.

ಅದೇ ಹೊತ್ತಿಗೆ ಬ್ರಿಟನ್ನಿನ ‘ಈಕ್ವೇಟರ್’ ಸಂಶೋಧನಾ ಯೋಜನೆಯಡಿ ಸಿದ್ಧವಾದದ್ದು ಡ್ರಿಫ್ಟ್ ಟೇಬಲ್. ಮೇಜಿನ ನಡುವೆ ಒಂದು ಪುಟ್ಟ ಕಿಂಡಿ. ಅದರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವೈಮಾನಿಕ ಚಿತ್ರ ಬಹು ನಿಧಾನವಾಗಿ ಸರಿಯುತ್ತದೆ. ಮೇಜಿನ ಯಾವ ಬದಿಗೆ ಪುಸ್ತಕವನ್ನೋ ಬಟ್ಟಲನ್ನೋ ಇಡುತ್ತೀರೋ ಅದರ ಭಾರಕ್ಕೆ ತಕ್ಕಂತೆ ಚಿತ್ರ ಸರಿಯುವ ದಿಕ್ಕು ಬದಲಾಗುತ್ತದೆ. ಹುಡುಕುವ ಸೌಲಭ್ಯವಿಲ್ಲ, ಬೇಕಾದ ಊರಿಗೆ ಹಾರಿ ಹೋಗುವಂತಿಲ್ಲ. ಇದರಿಂದ ಆಗುವ ಕೆಲಸವೇನು ಎಂದು ಕೇಳಿದರೆ ಉತ್ತರವಿಲ್ಲ, ಇರಬಾರದೆಂದೇ ಅದನ್ನು ಹಾಗೆ ಮಾಡಿದ್ದು. ಆಟವಾಡುವ ಮನುಷ್ಯನ ಕುರಿತ ಡಚ್ ಇತಿಹಾಸಕಾರ ಹೈಸಿಂಗನ ವಿಚಾರವನ್ನು ಗೇವರ್ 2002ರಲ್ಲಿಯೇ ಎತ್ತಿಕೊಂಡಿದ್ದರು. ಆದರೆ ಇಲ್ಲಿ ಆಟವೆಂದರೆ ಸ್ಪರ್ಧೆಯಲ್ಲ, ಅಂಕ ಗಳಿಕೆಯೂ ಅಲ್ಲ. ಪ್ರತಿಯೊಂದು ಆ್ಯಪಿಗೂ ಬ್ಯಾಡ್ಜು, ಪಾಯಿಂಟು ಅಂಟಿಸಿ ಅದನ್ನು ಆಟವೆನ್ನುವ ಇಂದಿನ ಪದ್ಧತಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಒತ್ತಿ ಹೇಳಬೇಕೆನಿಸುತ್ತದೆ.

ಅವರ ಬರಹಗಳಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಮಾತ್ರ ಸೋಲಿನ ವರದಿಯನ್ನು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಅವರ ತಂಡ ಮನೆಯೊಂದರಲ್ಲಿ ಸೆನ್ಸರ್‌ಗಳನ್ನು ಅಳವಡಿಸಿ, ಅಲ್ಲಿನ ಚಟುವಟಿಕೆಯಿಂದ ಮನೆಯ ನೆಮ್ಮದಿಯನ್ನು ಊಹಿಸಿ, ಆ ಊಹೆಯನ್ನು ರಾಶಿಭವಿಷ್ಯದ ಧಾಟಿಯ ವಾಕ್ಯಗಳಲ್ಲಿ ಹೇಳುವ ವ್ಯವಸ್ಥೆಯೊಂದನ್ನು ಕಟ್ಟಿತು. ಉಪಾಯವೇನೋ ಜಾಣತನದ್ದು. ಯಂತ್ರಕ್ಕೆ ಭಾವನೆ ನಿಖರವಾಗಿ ತಿಳಿಯದು ಎಂದಾದರೆ, ಯಾರೂ ಪೂರ್ತಿ ನಂಬದ, ಆದರೂ ಬೆಳಗಿನ ಪತ್ರಿಕೆಯಲ್ಲಿ ಕಣ್ಣಾಡಿಸದೆ ಬಿಡದ ಮಾತಿನ ಪ್ರಕಾರವೊಂದನ್ನು ಅದಕ್ಕೆ ಕೊಟ್ಟರೆ ಓದುವವರು ತಾವೇ ಹೊಂದಿಸಿಕೊಳ್ಳುತ್ತಾರಲ್ಲವೇ? ಆದರೆ ಮನೆಯವರು ಅದರೊಂದಿಗೆ ಬೆರೆಯಲಿಲ್ಲ. 2009ರಲ್ಲಿ ತಂಡ ಈ ಸೋಲಿನ ಅಂಗರಚನೆಯನ್ನೇ ಪ್ರಬಂಧವಾಗಿ ಪ್ರಕಟಿಸಿ, ಅಂಕಿ-ಅಂಶಗಳಿಲ್ಲದ ಇಂಥ ಪ್ರಯೋಗ ಸೋತಿತೆಂದು ತಿಳಿಯುವುದು ಹೇಗೆ ಎಂದು ಚರ್ಚಿಸಿತು. ಗುರಿಯೇ ಇಲ್ಲದ ವಸ್ತು ಎಂದಿಗೂ ಸೋಲುವುದಿಲ್ಲ ಎಂಬ ಸುಲಭದ ಟೀಕೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಂಡಿಲ್ಲ. ಬಳಸಿದವರು ಉತ್ಸಾಹದಿಂದ ಕಥೆ ಹೇಳುತ್ತಾರೋ, ಅಥವಾ ಸಂಕೋಚಕ್ಕೆ ಎರಡು ಒಳ್ಳೆಯ ಮಾತು ಆಡಿ ಸುಮ್ಮನಾಗುತ್ತಾರೋ ಎಂಬ ವ್ಯತ್ಯಾಸ ಕಿವಿಗೊಟ್ಟವರಿಗೆ ಗೊತ್ತಾಗುತ್ತದೆ.

ಮರುವರ್ಷವೇ ಪ್ರಕಟವಾದ ‘ಪ್ರೇಯರ್ ಕಂಪ್ಯಾನಿಯನ್’ ಗೆದ್ದದ್ದು ಎಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹೊರಗಿನ ಸಂಪರ್ಕ ಬಹಳ ಕಡಿಮೆಯಿದ್ದ ಪೂರ್ ಕ್ಲೇರ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿನಿಯರ ಮಠವಿತ್ತು. ಲೋಕಕ್ಕಾಗಿ ಪ್ರಾರ್ಥಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಅವರಿಗಾಗಿ ಮಾಡಿದ, ಇಂಗ್ಲಿಷ್ ಟಿ ಅಕ್ಷರದ ಆಕಾರದ ಪುಟ್ಟ ಸಾಧನದ ನೆತ್ತಿಯ ಮೇಲೆ ಸುದ್ದಿಯ ಸಾಲುಗಳೂ, ಅಂತರ್ಜಾಲದಲ್ಲಿ ಅಪರಿಚಿತರು ‘ನನಗೆ ಹೀಗನಿಸುತ್ತಿದೆ’ ಎಂದು ಬರೆದುಕೊಂಡ ಮಾತುಗಳೂ ಹರಿಯುತ್ತಿದ್ದವು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮಾತ್ರ ಕಾಣುವಂಥ ಅಕ್ಷರಗಳು. ಇಲ್ಲಿ ಯಂತ್ರ ಯಾರ ಭಾವನೆಯನ್ನೂ ಅಳೆಯಲಿಲ್ಲ. ಯಾರದೋ ದುಃಖವನ್ನು, ಅದನ್ನು ಏನು ಮಾಡಬೇಕೆಂದು ಮೊದಲೇ ಬಲ್ಲವರ ಬಳಿಗೆ ತಂದಿತು. ಸನ್ಯಾಸಿನಿಯರು ಅದಕ್ಕೆ ಗೋಲ್ಡಿ ಎಂದು ಹೆಸರಿಟ್ಟರು. 2011ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿಯೂ ಇತ್ತು.

ಒಂದು ತಕರಾರು ನನಗಿದೆ. ಒಂದೇ ಮೇಜು, ಒಂದೇ ಮಠ ಎಂಬ ಈ ಕ್ರಮದಲ್ಲಿ ಅಪರೂಪದ ವಸ್ತು ಕೆಲವೇ ಜನರ ಮನೆಯಲ್ಲಿ ಇದ್ದು ಹೋಗುತ್ತದೆ, ಉಳಿದವರಿಗೆ ಸಿಗುವುದು ಪ್ರಬಂಧ ಮಾತ್ರ. ಗೇವರ್ ಅವರಿಗೂ ಇದು ಕಾಡಿರಬೇಕು ಎಂದು ಅವರ ನಂತರದ ಕೆಲಸ ನೋಡಿದರೆ ಅನಿಸುತ್ತದೆ. ನಡೆದಾಡುವ ಪ್ರದೇಶದ ಸಾಮಾಜಿಕ ವಿವರಗಳನ್ನು ತೋರಿಸುವ ಡೇಟಾಕ್ಯಾಚರ್ ಸಾಧನವನ್ನು ತಂಡ 130ರಷ್ಟು ಸಂಖ್ಯೆಯಲ್ಲಿ ತಯಾರಿಸಿತು. 2018ರಲ್ಲಿ ಬಿಬಿಸಿಯ ‘ಸ್ಪ್ರಿಂಗ್‌ವಾಚ್’ ಕಾರ್ಯಕ್ರಮದ ಮೂಲಕ ಜನರಿಗೆ ಪರಿಚಯವಾದ ನೇಚರ್‌ವಾಚ್ ಕ್ಯಾಮೆರಾದಲ್ಲಂತೂ ತಯಾರಿಕೆಯನ್ನೇ ಜನರ ಕೈಗೆ ಬಿಟ್ಟರು. ರಾಸ್ಪ್‌ಬೆರಿ ಪೈ ಝೀರೋ ಎಂಬ ಕಿರುಗಾತ್ರದ ಅಗ್ಗದ ಕಂಪ್ಯೂಟರ್, ಪುಟ್ಟ ಕ್ಯಾಮೆರಾ, ಪವರ್ ಬ್ಯಾಂಕ್ ಮತ್ತು ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಇದ್ದರೆ, ಹಿತ್ತಲಿಗೆ ಬಂದ ಹಕ್ಕಿಯನ್ನೋ ನರಿಯನ್ನೋ ಅದು ತಾನಾಗಿ ಸೆರೆಹಿಡಿಯುತ್ತದೆ. ಜೋಡಿಸುವ ಕ್ರಮವೂ ಸಾಫ್ಟ್‌ವೇರೂ ಉಚಿತ. ಡಬ್ಬಿ ಯಾವುದಾದರೂ ನಡೆಯುತ್ತದೆ.