ಎಳ್ಳಮಾವಾಸ್ಯೆ ದಿನ ಜಾಮ್ ಆದ ಪಿಸ್ಟನ್

ಆ ಪಿಸ್ಟನ್ ಇನ್ನೂ ನನ್ನ ಮೇಜಿನ ಮೇಲಿದೆ. ಸೈಲೆನ್ಸರ್ ಕಡೆಯ ಮಗ್ಗುಲಲ್ಲಿ ಉದ್ದಕ್ಕೆ ನಾಲ್ಕು ಗೀರು. ಸವರಿದರೆ ಉಗುರು ಸಿಕ್ಕಿಕೊಳ್ಳುತ್ತದೆ.

ಗಾಡಿ ಅಪ್ಪನದು, 1991ರ ಯಮಹಾ ಆರ್‌ಎಕ್ಸ್ 100, ಪೆಟ್ರೋಲ್ ಜೊತೆ ಆಯಿಲೂ ಉರಿಯುವ ಟೂ-ಸ್ಟ್ರೋಕ್ ಬೈಕು. ಹೋದ ಎಳ್ಳಮಾವಾಸ್ಯೆ ದಿನ ನಸುಕಿನಲ್ಲೇ ಕಲಬುರಗಿಯಿಂದ ಕಮಲಾಪುರದ ಹತ್ತಿರ ಇರುವ ನಮ್ಮ ಹೊಲಕ್ಕೆ ಹೊರಟಿದ್ದೆ. ಹಿಂದಿನ ಸೀಟಿಗೆ ಬುತ್ತಿಗಂಟು ಬಿಗಿದಿದ್ದೆ: ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಥಂಡಿ ಜೋರಿತ್ತು, ರಸ್ತೆ ಖಾಲಿ. ಗಾಡಿ ಎಂದೂ ಇಲ್ಲದಷ್ಟು ಹಗುರಾಗಿ ಓಡುತ್ತಿತ್ತು. ನಾನೂ ಖುಷಿಯಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುವಿ ಹಿಡಿದಿದ್ದೆ. ಇದ್ದಕ್ಕಿದ್ದಂತೆ ಸದ್ದು ಬಿಗಿಯಾಯಿತು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ನಿಧಾನವಾಗಿ, ಹಿಂದಿನ ಗಾಲಿ ಜಾರಿತು. ಕ್ಲಚ್ ಒತ್ತಿದೆ, ಉಳಿದೆ.

"ಆಯಿಲ್ ಕಮ್ಮಿ ಬಿದ್ದದ, ಪೆಟ್ರೋಲ್‌ನಾಗ ಜರಾ ಜಾಸ್ತಿ ಹಾಕ್ರಿ" ಅಂದರು ಒಬ್ಬ ಮೆಕ್ಯಾನಿಕ್. ಆದರೆ ಆಯಿಲ್ ಪಂಪ್ ಸರಿಯಾಗಿಯೇ ಇತ್ತು. ಮೇಲಾಗಿ ಪೆಟ್ರೋಲ್‌ಗೇ ಆಯಿಲ್ ಜಾಸ್ತಿ ಬೆರೆಸಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿನಲ್ಲಿ ಅದೂ ಜಾಗ ಹಿಡಿಯುತ್ತದೆ, ಪೆಟ್ರೋಲ್ ಅಷ್ಟು ಕಮ್ಮಿ ಹೋಗುತ್ತದೆ. ಇದನ್ನು ಎಷ್ಟೋ ಜನ ಯೋಚಿಸುವುದೇ ಇಲ್ಲ.

ತಪ್ಪು ನಡೆದದ್ದು ಮೇ ತಿಂಗಳಲ್ಲಿ, ಅದೂ ನನ್ನ ಕೈಯಿಂದಲೇ. 43 ಡಿಗ್ರಿ ಬಿಸಿಲು. ಪೂರ್ತಿ ಎಳೆದರೆ ಇಂಜಿನ್ ಬಡಬಡ ಅನ್ನುತ್ತಿತ್ತು, ಸ್ಪಾರ್ಕ್ ಪ್ಲಗ್ ಕಾಡಿಗೆಯಂತೆ ಕಪ್ಪು. ಬಿಸಿ ಗಾಳಿ ತೆಳು, ಹಾಗಾಗಿ ಪೆಟ್ರೋಲ್ ಹೆಚ್ಚಾಗುತ್ತದೆ. 105ರ ಮೇನ್ ಜೆಟ್ ತೆಗೆದು 95 ಹಾಕಿದೆ (ನಂಬರ್ ಸಣ್ಣದಾದರೆ ತೂತೂ ಸಣ್ಣದು), ಗಾಡಿ ಚೆನ್ನಾಯಿತು. ಆಮೇಲೆ ಮರೆತೆ. ಚಳಿಗಾಲದ ನಸುಕಿನಲ್ಲಿ 13, 14 ಡಿಗ್ರಿಗೆ ಇಳಿದರೆ ಅದೇ ಗಾಳಿ ಸುಮಾರು ಶೇಕಡಾ 10ರಷ್ಟು ದಟ್ಟವಾಗುತ್ತದೆ. ಪೆಟ್ರೋಲ್ ಅಷ್ಟು ಏರುವುದಿಲ್ಲ. ಈಗಿನ ಇ20 ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೇರೆ ಇದೆ, ಅದು ಮಿಶ್ರಣವನ್ನು ಇನ್ನಷ್ಟು ತೆಳು ಮಾಡುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಆಗ ಇಂಜಿನ್ ವಿಪರೀತ ಕಾದು, ಪಿಸ್ಟನ್ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆವತ್ತಿನ ಆ ಹಗುರವಾದ ಓಟ ತೆಳು ಮಿಶ್ರಣದ್ದೇ ಗುರುತು.

ಬೋರ್ ಹೊಡೆಸಿ, ಅಂದರೆ ಸಿಲಿಂಡರ್ ಒಳಗೋಡೆ ಕೊರೆಸಿ, 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಕೂಡಿಸಿದೆ. ಹೊಸ ಪಿಸ್ಟನ್ ಹೊಂದಿಕೊಳ್ಳಲು ನಿಧಾನ ಓಡಿಸುವ ರನ್ನಿಂಗ್ ಮುಗಿಸಿ, ಈ ಸಲ ನೆಟ್ಟಗೆ ಮಾಡೋಣ ಅಂತ ಕೂತೆ. ಮೊದಲು ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ನೋಡಿದೆ. ಅಲ್ಲಿ ಸೀಳು ಬಿಟ್ಟಿದ್ದರೆ ಯಾವ ಜೆಟ್ ಹಾಕಿದರೂ ಸುಮ್ನೆ. ಫಿಲ್ಟರ್ ಫೋಮ್ ತೊಳೆದೆ. ತೊಗರಿ ರಾಶಿ ಕಾಲದ ಧೂಳು ಅದರಲ್ಲಿ ಕೆಸರಿನ ಹಾಗೆ ಕಟ್ಟಿತ್ತು, ಅಂಥ ಫೋಮ್ ಇಟ್ಟುಕೊಂಡು ಪ್ಲಗ್ ಬಣ್ಣ ನೋಡಿದರೆ ಮೋಸ ಹೋಗುತ್ತೀರಿ. ಆಕ್ಸಿಲರೇಟರ್ ಹಿಡಿಕೆಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕಿದೆ. ಎಷ್ಟು ತಿರುವಿದಾಗ ಕಾರ್ಬುರೇಟರಿನ ಯಾವ ಭಾಗ ಮಿಶ್ರಣ ನಿರ್ಧರಿಸುತ್ತದೆ ಅಂತ ನೋಡಲು. ಕಾಲುಭಾಗದವರೆಗೆ ಸಣ್ಣ ತೂತಿನ ಪೈಲಟ್ ಜೆಟ್, ಗಾಳಿ ಹೊಂದಿಸುವ ಏರ್ ಸ್ಕ್ರೂ. ನಡುವೆ ಸೂಜಿ. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್ಟಿನದೇ ಆಟ. ತೊಂದರೆ ಯಾವ ಗೆರೆಯಲ್ಲಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು, ಅಲ್ವಾ?

ಮತ್ತೆ 105 ಹಾಕಿ, ಹೊಸ ಪ್ಲಗ್ ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆ ಆರಕ್ಕೆ ಹುಮನಾಬಾದ್ ರಸ್ತೆಗೆ ಹೋದೆ. ಇಂಜಿನ್ ಬಿಸಿಯಾದ ಮೇಲೆ ಪ್ಲಗ್ ಬದಲಿಸಿದೆ. ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, ಒಂದು ಕಿಲೋಮೀಟರ್. ಆಮೇಲೆ ಕ್ಲಚ್ ಒತ್ತುವುದು, ಚಾವಿ ಬಂದ್ ಮಾಡುವುದು, ಎರಡೂ ಒಂದೇ ಸಲಕ್ಕೆ. ಗಾಡಿ ತಾನೇ ಉರುಳಿ ಬದಿಗೆ ನಿಲ್ಲಬೇಕು. ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟರೂ ಬಣ್ಣ ಕೆಡುತ್ತದೆ.

ಬಟ್ಟೆಯಲ್ಲಿ ಹಿಡಿದು ಪ್ಲಗ್ ಬಿಚ್ಚಿದೆ. ತುದಿಯಲ್ಲ, ಒಳಗಿನ ಬಿಳಿ ಪಿಂಗಾಣಿಯ ಬುಡ ನೋಡಬೇಕು. ಅಪ್ಪನ ಭೂತಗನ್ನಡಿ ಹಿಡಿದು ಬೆಳಕಿಗೆ ತಿರುಗಿಸಿದೆ. ಅಲ್ಲಿ ಹಾಲು ಹಾಕಿದ ಚಹಾದ ಬಣ್ಣದ ಸಣ್ಣ ಉಂಗುರವಿತ್ತು, ಅಂದರೆ ಮಿಶ್ರಣ ಸರಿಯಾಗಿತ್ತು.

ಈ ಜೆಟ್ ನಂಬರ್ ನನ್ನ ಗಾಡಿಗೆ, ನಿಮ್ಮದಕ್ಕೆ ಹೊಂದಬೇಕೆಂದಿಲ್ಲ. 95ರ ಜೆಟ್ ಒಂದು ಗುಳಿಗೆ ಡಬ್ಬಿಯಲ್ಲಿದೆ. ಅದರ ಮುಚ್ಚಳದ ಮೇಲೆ ಅಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಬ್ಯಾಸಗಿದು."