ಎಲ್ಲರೂ ತಗೊಂಡಿದ್ರು ಅನ್ನೋದೇ ಸುಳ್ಳು

ಅಮೆರಿಕದ ಸೈಕಲ್ ರೇಸಿನವ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವಿಷಯ ಬಂದಾಗೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಆ ಕಾಲದಲ್ಲಿ ಎಲ್ಲರೂ ಡೋಪಿಂಗ್ ಮದ್ದು ತಗೊಳ್ತಿದ್ರು, ಅವ ಸಿಕ್ಕಿಬಿದ್ದ ಅಷ್ಟೇ ಅಂತ. ಇದು ಕೇಳಿದ್ರೆ ನನಗೆ ಸಿಟ್ಟು ಬರ್ತದೆ ಮಾರಾಯ್ರೆ. ತಗೊಳ್ಳದೆ ಸೋತವರಿಗೆ ಎರಡನೇ ಸಲ ಮಾಡುವ ಅನ್ಯಾಯ ಇದು.

ಕ್ರಿಸ್ತೋಫ್ ಬಾಸೋನ್ಸ್ ಅಂತ ಫ್ರಾನ್ಸಿನ ಒಬ್ಬ ಇದ್ದ, ಫೆಸ್ಟಿನಾ ಟೀಮಿನವ. 1998ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಶುರುವಾಗುವ ಮೊದಲು ಆ ಟೀಮಿನ ಕಾರು ಬೆಲ್ಜಿಯಂ ಗಡಿಯಲ್ಲಿ ಇಪಿಒ ಅನ್ನುವ ನಿಷೇಧಿತ ಮದ್ದಿನ ಸಮೇತ ಸಿಕ್ಕಿಬಿತ್ತು, ಮತ್ತೆ ಪೊಲೀಸರ ವಿಚಾರಣೆಯಲ್ಲಿ ಜೊತೆಯವರೇ ಹೇಳಿದ್ರು, ಬಾಸೋನ್ಸ್ ಮುಟ್ಟುದಿಲ್ಲ ಅಂತ. ಮರುವರ್ಷ ಟೂರಿನ ನಡುವೆಯೇ ಅವ ಪೇಪರಿನಲ್ಲಿ ಡೋಪಿಂಗ್ ಬಗ್ಗೆ ಬರೆದ. ಜೊತೆಗೆ ಓಡ್ತಿದ್ದವರು ಅವನ ಹತ್ರ ಮಾತು ಬಿಟ್ರು, ಆರ್ಮ್‌ಸ್ಟ್ರಾಂಗ್ ಸೈಕಲ್ ಪಕ್ಕಕ್ಕೇ ಬಂದು ಮನೆಗೆ ಹೋಗು ಅಂದ, ಕೊನೆಗೆ ಪಾಪ ರೇಸ್ ಅರ್ಧಕ್ಕೆ ಬಿಟ್ಟು ಹೋದ. ಆರ್ಮ್‌ಸ್ಟ್ರಾಂಗ್ ಆ ವರ್ಷವೇ ಗೆದ್ದದ್ದು, 2005ರವರೆಗೆ ಒಟ್ಟು 7 ಸಲ. 2012ರಲ್ಲಿ ಅಷ್ಟನ್ನೂ ಕಿತ್ಕೊಂಡ್ರು, 2013 ಜನವರಿಯಲ್ಲಿ ಟಿವಿಯಲ್ಲಿ ಕೂತು ಒಪ್ಪಿಕೊಂಡ. ಆ 7 ವರ್ಷಕ್ಕೆ ಇವತ್ತಿಗೂ ವಿನ್ನರ್ ಅಂತ ಯಾರೂ ಇಲ್ಲ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ಉಂಟು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹುಡುಗರು ಈಗ ಆದಿತ್ಯವಾರ ಬೆಳಿಗ್ಗೆ ಗೇರ್ ಸೈಕಲ್ ಹಿಡ್ಕೊಂಡು ಪೊಸಡಿಗುಂಪೆ ಗುಡ್ಡದ ಕಡೆ ಹೋಗ್ತಾರೆ. ಚಡಾವು ಮುಗಿಸಿ ಹೋಟೆಲಲ್ಲಿ ಚಾ ಕುಡಿವಾಗ ಒಬ್ಬ ಕೇಳಿದ, "ಅಣ್ಣ, ಈ ಇಪಿಒ ಅಂದ್ರೆ ಎಂಥದ್ದು, ವಿಟಮಿನ್ ಹಾಗೆಯಾ?" ಬೆವರು ಇನ್ನೂ ಗಲ್ಲದಿಂದ ಇಳೀತಾ ಇತ್ತು ಅವನಿಗೆ. ವಿಟಮಿನ್ ಅಲ್ಲ. ನಮ್ಮ ಕಿಡ್ನಿಯೇ ತಯಾರು ಮಾಡುವ ಹಾರ್ಮೋನು ಅದು, ಕೆಂಪು ರಕ್ತಕಣ ಹೆಚ್ಚು ಮಾಡ್ತದೆ, ಕಿಡ್ನಿ ಹಾಳಾದವರಿಗೆ ರಕ್ತ ಕಮ್ಮಿಯಾದ್ರೆ ಕೊಡುದು ಅದೇ ಇಂಜೆಕ್ಷನ್. ಗಟ್ಟಿಮುಟ್ಟು ಇರುವವ ಚುಚ್ಚಿಕೊಂಡ್ರೆ ರಕ್ತ ದಪ್ಪ ಆಗಿ ಹೆಪ್ಪುಗಟ್ಟುವ ಅಪಾಯ, ಹೃದಯಕ್ಕೆ ಹೊರೆ. 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಒಂದು ನಿಯಮ ತಂತು, ರಕ್ತದಲ್ಲಿ ಕೆಂಪುಕಣದ ಪಾಲು 50% ದಾಟಿದ ಗಂಡಸರು ಓಡುವ ಹಾಗಿಲ್ಲ ಅಂತ. ಇಪಿಒ ಹಿಡಿಯುವ ಟೆಸ್ಟೇ ಆಗ ಇರ್ಲಿಲ್ಲ, ಬಂದದ್ದು 2000ದಲ್ಲಿ, ಹಾಗಾಗಿ 50ರ ಹತ್ತಿರ ಹತ್ತಿರ ತಂದು ನಿಲ್ಲಿಸುದೇ ಟೀಮಿನ ಡಾಕ್ಟ್ರುಗಳ ಕೆಲಸ ಆಯ್ತು.

ಟೆಸ್ಟ್ ಯಾವಾಗ್ಲೂ ಒಂದು ಹೆಜ್ಜೆ ಹಿಂದೆಯೇ, ಅದಕ್ಕೇ ನಾನು ಹೇಳುದು, ಬಾಯಿಬಿಡುವವನನ್ನು ಮೊದಲು ಕಾಪಾಡ್ಬೇಕು. ಸಿಕ್ಕಿಬಿದ್ದು ಸಾರಿ ಹೇಳಿದ್ರೆ ಸಾಲದು, ಯಾರು ತಂದುಕೊಟ್ರು, ಯಾವ ಡಾಕ್ಟ್ರು, ಹೇಗೆ ಮುಚ್ಚಿಟ್ರು ಎಲ್ಲ ಹೇಳ್ಬೇಕು. ನಮ್ಮಲ್ಲಿ ಸಣ್ಣ ರೇಸ್ ಮಾಡುವವರೂ ಹುಡುಗರನ್ನು ಕೂರಿಸಿ ಇದನ್ನು ಓಪನ್ ಆಗಿ ಮಾತಾಡಿ ದಯವಿಟ್ಟು, ಮತ್ತೆ ಅಲ್ಲಿ ಆರ್ಮ್‌ಸ್ಟ್ರಾಂಗ್ ಕತೆಗಿಂತ ಮೊದಲು ಬಾಸೋನ್ಸ್ ಕತೆ ಹೇಳಿ.