ಕೈಸರೈಯ: ಕೊಲ್ಲಿಯಿಲ್ಲದ ದಡದಲ್ಲಿ ಕಟ್ಟಿದ ಬಂದರು

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಮತ್ತೆ ಮತ್ತೆ ಬರುವ ಕೈಸರೈಯ, ಸುವಾರ್ತೆಗಳ ‘ಫಿಲಿಪ್ಪನ ಕೈಸರೈಯ’ ಅಲ್ಲ. ಅದು ಹೆರ್ಮೋನ್ ಬೆಟ್ಟದ ಬುಡದ ಊರು. ಇದು ಇಂದಿನ ಇಸ್ರೇಲಿನಲ್ಲಿ, ಯೊಪ್ಪಕ್ಕೂ ಕರ್ಮೆಲ್ ಬೆಟ್ಟಕ್ಕೂ ನಡುವಿನ ಕಡಲ ತೀರದಲ್ಲಿ, ಕ್ರಿ.ಪೂ. 22ರ ಸುಮಾರಿಗೆ ಹೆರೋದ ರಾಜ ಕಟ್ಟಲು ಹಿಡಿದು ಹತ್ತು-ಹನ್ನೆರಡು ವರ್ಷಗಳಲ್ಲಿ ಮುಗಿಸಿದ ಪಟ್ಟಣ. ಬಂದರಿಗೆ ಇಟ್ಟ ಹೆಸರು ಸೆಬಾಸ್ತೋಸ್, ರೋಮಿನ ಚಕ್ರವರ್ತಿಯ ಹೆಸರಾದ ಅಗಸ್ಟಸ್ ಎಂಬುದರ ಗ್ರೀಕ್ ರೂಪ.

ಹಡಗು ತಂಗಲು ಅಲ್ಲಿ ಕೊಲ್ಲಿಯೂ ಇರಲಿಲ್ಲ, ಅಳಿವೆಯೂ ಇರಲಿಲ್ಲ. ನೈಋತ್ಯದ ಬಿರುಗಾಳಿಗೆ ಮೈಯೊಡ್ಡಿದ ನೇರ ದಡ. ನೈಲ್ ನದಿಯ ಮರಳು ಅದರ ಗುಂಟ ಉತ್ತರಕ್ಕೆ ಸರಿಯುತ್ತಲೇ ಇರುತ್ತದೆ. ಅದಕ್ಕೇ ದಕ್ಷಿಣದ ಅಲೆತಡೆಯನ್ನು ಸುಮಾರು 500 ಮೀಟರ್ ಉದ್ದಕ್ಕೆ ಬಾಗಿಸಿ, ಉತ್ತರದ್ದನ್ನು ಅದರ ಅರ್ಧದಷ್ಟೇ ಕಟ್ಟಿ, ಬಂದರಿನ ಬಾಯಿಯನ್ನು ಉತ್ತರಕ್ಕೆ ಬಿಟ್ಟರು.

ನೀರೊಳಗಿನ ಕೆಲಸವೇ ಅಚ್ಚರಿ. ಮಾಮೂಲಿ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ನೀರಿಗೆ ಸುರಿದರೆ ಕದಡಿಹೋಗುತ್ತದೆ. ಇಟಲಿಯ ನೇಪಲ್ಸ್ ಕೊಲ್ಲಿಯ ಜ್ವಾಲಾಮುಖಿ ಬೂದಿ ಬೆರೆತರೆ ನೀರಲ್ಲೇ ಕಲ್ಲಾಗುತ್ತದೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಟ್ಟ ಅಳತೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಬೂದಿ. ಬೂದಿಯನ್ನು ಹಡಗಿನಲ್ಲಿ ತರಿಸಿದರು. ದಡದಲ್ಲಿ ದೋಣಿ ಕಟ್ಟುವ ಹಾಗೆ ಮರದ ದೊಡ್ಡ ಪೆಟ್ಟಿಗೆಗಳನ್ನು ಜೋಡಿಸಿ, ತೇಲಿಸಿ ಒಯ್ದು, ಕಾಂಕ್ರೀಟ್ ತುಂಬುತ್ತಾ ಮುಳುಗಿಸಿದರು. ಸಮನಾಗಿ ತುಂಬದಿದ್ದರೆ ಪೆಟ್ಟಿಗೆ ವಾಲಿಬಿಡುತ್ತದೆ. ಐವತ್ತು ಅಡಿಯ ಕಲ್ಲುಗಳನ್ನು ಇಳಿಸಿದರೆಂದು ಇತಿಹಾಸಕಾರ ಜೋಸೆಫಸ್ ಬರೆದದ್ದು ಉತ್ಪ್ರೇಕ್ಷೆಯಂತೆ ಕಾಣುತ್ತಿತ್ತು. ಮುಳುಗುಗಾರರಿಗೆ ಸುಮಾರು 15 ಮೀಟರ್ ಉದ್ದದ ಕಾಂಕ್ರೀಟ್ ಬಂಡೆಯೇ ಸಿಕ್ಕಿತು. ಆಳದ ಲೆಕ್ಕದಲ್ಲಿ ಮಾತ್ರ ಅವನು ಬಹಳ ಹೆಚ್ಚು ಹೇಳಿದ್ದಾನೆ.

ಆದರೂ ಬಂದರು ಬಾಳಲಿಲ್ಲ. ಅಡಿಪಾಯ ಮರಳಿನ ಮೇಲಿತ್ತು, ಅಲೆಗಳು ಅದನ್ನು ಕೊರೆದವು. ಕಾಂಕ್ರೀಟಿನಲ್ಲಿ ಸರಿಯಾಗಿ ಬೆರೆಯದ ಸುಣ್ಣದ ಗಂಟುಗಳಿವೆ, ಅವಸರದ ಕೆಲಸದ ಗುರುತು. ಜೊತೆಗೆ ನೆಲವೂ ಕುಸಿಯಿತು. ಉತ್ತರದ ಅಲೆತಡೆಯ ಮೇಲೆಯೇ ಒಡೆದ ಹಡಗಿನ ಸೀಸದ ಗಟ್ಟಿಗಳಲ್ಲಿ ಚಕ್ರವರ್ತಿ ಡೊಮಿಷಿಯನ್ ಹೆಸರಿದೆ. ಎಂದರೆ ಒಂದನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಗೋಡೆ ನೀರಡಿ ಹೋಗಿತ್ತು.

ಪೌಲನ ಕಾಲಕ್ಕೆ ಇದು ಎಪ್ಪತ್ತು ವರ್ಷವೂ ತುಂಬದ ಬಂದರು, ರೋಮನ್ ಅಧಿಪತಿಗಳ ಪೀಠ. ಇದನ್ನು ನೆನಪಿಟ್ಟರೆ ಎಷ್ಟೋ ವಚನಗಳು ತಿಳಿಯಾಗುತ್ತವೆ. ಶತಾಧಿಪತಿ ಕೊರ್ನೇಲ್ಯ ಇಲ್ಲೇಕಿದ್ದ? ದಂಡು ಇಲ್ಲಿತ್ತು. ಪೇತ್ರನು ಅನ್ಯಜನನಾದ, ಎಂದರೆ ಯೆಹೂದ್ಯನಲ್ಲದ ಅವನ ಮನೆಯೊಳಗೆ ಕಾಲಿಟ್ಟು ದೀಕ್ಷಾಸ್ನಾನ ಮಾಡಿಸಿದ ಕೃತ್ಯಗಳ ಹತ್ತನೆಯ ಅಧ್ಯಾಯ ನಡೆದದ್ದು ಈ ರೋಮನ್ ಊರಿನಲ್ಲಿ, ಯೆರೂಸಲೇಮಿನಲ್ಲಲ್ಲ. ಪೌಲನನ್ನು 200 ಸಿಪಾಯಿಗಳು, 70 ಕುದುರೆ ಸವಾರರು, 200 ಈಟಿಯವರ ಕಾವಲಿನಲ್ಲಿ ರಾತ್ರೋರಾತ್ರಿ ಹೊರಡಿಸಿದ್ದೂ ಇಲ್ಲಿಗೇ. ಎರಡು ವರ್ಷ ಸೆರೆಯಲ್ಲಿದ್ದು, ಅಧಿಪತಿ ಫೆಸ್ತನ ಮುಂದೆ ಕೈಸರನ, ಎಂದರೆ ಚಕ್ರವರ್ತಿಯ ನ್ಯಾಯಾಸನವನ್ನೇ ಕೇಳಿದಾಗ, ರೋಮಿನತ್ತ ಕಡಲದಾರಿ ಈ ಊರಿನ ಕಟ್ಟೆಯಿಂದಲೇ ಶುರುವಾಗುತ್ತಿತ್ತು.

ಯೇಸುವಿಗೆ ಮರಣದಂಡನೆ ವಿಧಿಸಿದ ಅಧಿಪತಿ ಪಿಲಾತನ ಹೆಸರು ಕೆತ್ತಿದ ಸುಣ್ಣಗಲ್ಲು 1961ರಲ್ಲಿ ಸಿಕ್ಕಿದ್ದೂ ಇಲ್ಲೇ, ರಂಗಮಂದಿರದಲ್ಲಿ ಮೆಟ್ಟಿಲಾಗಿ. ಅವನ ಪದವಿ ಅದರಲ್ಲಿ ‘ಪ್ರೀಫೆಕ್ಟ್’ ಎಂದಿದೆ. ನೋಡಹೋಗುವವರು ಗಮನಿಸಿ: ಕೈಸರೈಯದಲ್ಲಿ ನಿಲ್ಲಿಸಿರುವುದು ನಕಲು, ಮೂಲ ಕಲ್ಲು ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ.